ಬಿಸಿಲೆ ಘಾಟಿಯೂ ತೊಂಬತ್ತಾರು ಕಿಲೋಮೀಟರೂ

ಬಯಲುಸೀಮೆಯ ಮೈಲಿಗೂ ಮಲೆನಾಡಿನ ಮೈಲಿಗೂ ನಂಟಿಲ್ಲವೆಂಬುದು ಘಾಟಿಯ ದಾರಿಯಲ್ಲಿ ಪಯಣಿಸಿದವರೆಲ್ಲರೂ ಬಲ್ಲ ಮಾತು. ಬಯಲಿನಲ್ಲಿ ಒಂದು ಮೈಲಿಯೆಂದರೆ ಒಂದು ಮೈಲಿ. ಅದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಮಲೆನಾಡಿನಲ್ಲಾದರೋ ಅದು ಏರಿನ ಮೈಲಿಯೋ ಇಳಿತದ ಮೈಲಿಯೋ, ಮಳೆಗಾಲದ ಮೈಲಿಯೋ ಬೇಸಗೆಯದೋ ಎಂದು ವಿಚಾರಿಸಿಕೊಂಡ ಮೇಲೆಯೇ ಅದರ ಉದ್ದವನ್ನು ಹೇಳಬೇಕು. ನಮ್ಮ ಹಿರಿಯರು ಕಾಲ್ನಡಿಗೆಯಲ್ಲಿಯೂ ಎತ್ತಿನ ಗಾಡಿಯಲ್ಲಿಯೂ ಕಲಿತ ಈ ಪಾಠವನ್ನು ನಾನು ಬಹಳ ತಡವಾಗಿ, ಮೋಟಾರು ಕಾರಿನ ಮೆತ್ತನೆಯ ಆಸನದಲ್ಲಿ ಕುಳಿತು, ಬಿಸಿಲೆ ಘಾಟಿಯಲ್ಲಿ ಕಲಿತೆನು. ಕಲಿಸಿದ ಗುರುಗಳು ಇಬ್ಬರು: ಒಬ್ಬರು ನನ್ನ ಭಾವ, ಇನ್ನೊಂದು, ಕಾರಿನ ಮುಂದಿನ ಹಲಗೆಯಲ್ಲಿ ಮಿನುಗುತ್ತಿದ್ದ ಒಂದು ಅಂಕೆ.

ಅದು 2018ರ ಏಪ್ರಿಲ್ ತಿಂಗಳು. ಶಿರಾಡಿ ಘಾಟಿಯ ಹೆದ್ದಾರಿಯನ್ನು ಕಾಂಕ್ರೀಟು ಹಾಕುವ ಕೆಲಸಕ್ಕಾಗಿ ಆ ವರ್ಷದ ಜನವರಿಯಿಂದಲೇ ಮುಚ್ಚಿದ್ದರು. ಕರಾವಳಿಯಿಂದ ಸಕಲೇಶಪುರಕ್ಕೆ ಹೋಗಬೇಕಾದವರು ಚಾರ್ಮಾಡಿಯನ್ನು ಹಿಡಿಯಬೇಕು, ಇಲ್ಲವೆ ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದಿಂದ ಕಾಡಿನೊಳಗೆ ನುಗ್ಗುವ ಬಿಸಿಲೆಯ ಕಿರುದಾರಿಯನ್ನು ಹಿಡಿಯಬೇಕು. ನಾನೂ ನನ್ನ ಮಗನೂ ಮೈಸೂರಿನಿಂದ ಹೊರಟು, ಮಡಿಕೇರಿ, ಸುಳ್ಯಗಳ ಮೂಲಕ ಪುತ್ತೂರಿಗೆ ಒಂದು ಮದುವೆಗಾಗಿ ಬಂದಿದ್ದೆವು. ಸಕಲೇಶಪುರದ ನಮ್ಮ ಭಾವ ಅಲ್ಲಿಗೆ ಮೊದಲೇ ಬಸ್ಸಿನಲ್ಲಿ ಬಂದಿದ್ದರು. ಅಕ್ಕನಿಗೆ ಮಂಡಿನೋವು; ಆಕೆ ಮನೆಯಲ್ಲಿಯೇ ಉಳಿದಿದ್ದಳು. ಮದುವೆ ಮುಗಿಯಿತು. ಮೂವರೂ ಕುಕ್ಕೆಯಲ್ಲಿ ದೇವರ ದರ್ಶನ ಮಾಡಿ, ಊಟ ಮುಗಿಸಿ, ಮರುದಿನ ನಿಧಾನವಾಗಿ ಭಾವನನ್ನು ಮನೆಗೆ ಮುಟ್ಟಿಸುವುದೆಂದು ನಿಶ್ಚಯಿಸಿದ್ದೆವು.

ನಿಶ್ಚಯ ನಮ್ಮದು; ನಡೆಯುವುದು ಬೇರೆ. ಕುಮಾರಧಾರೆಯ ಸ್ನಾನಘಟ್ಟದ ಬಳಿ ಮರದ ನೆರಳಿನಲ್ಲಿ ಕುಳಿತಿದ್ದಾಗ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಭಾವನಿಗೆ ದೂರವಾಣಿ ಕರೆ ಬಂದಿತು. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ನೆರೆಯವರು ಸಕಲೇಶಪುರದ ಆಸ್ಪತ್ರೆಗೆ ಒಯ್ದಿದ್ದಾರೆ, ತೊಡೆಯ ಮೂಳೆ ಮುರಿದಿದೆ, ಹಾಸನಕ್ಕೆ ಕೊಂಡೊಯ್ಯಬೇಕೆಂದು ವೈದ್ಯರು ಹೇಳುತ್ತಿದ್ದಾರೆ, ಆಕೆ ಒಪ್ಪುತ್ತಿಲ್ಲ. "ಅವರು ಬರಲಿ, ಬಂದ ಮೇಲೆ ಹೊರಡುತ್ತೇನೆ" ಎಂದು ಹಟ ಹಿಡಿದಿದ್ದಾಳೆ. ಭಾವ ಮಾತಾಡಿ ಮುಗಿಸಿ, ದೂರವಾಣಿಯನ್ನು ಜೇಬಿಗೆ ಹಾಕಿಕೊಂಡು, ಪಂಚೆಯನ್ನು ಎತ್ತಿ ಕಟ್ಟಿದರು. ಆ ಕಟ್ಟುವಿಕೆಯಲ್ಲಿಯೇ ಎಲ್ಲವೂ ತಿಳಿಯಿತು.

ಕಾರನ್ನು ಪೇಟೆಯ ಪೆಟ್ರೋಲ್ ಬಂಕಿಗೆ ತಿರುಗಿಸಿದೆವು. ಅಲ್ಲಿ ಆಗ ತಾನೆ ಟ್ಯಾಂಕರು ಬಂದು ನಿಂತಿತ್ತು. ನೆಲದಡಿಯ ತೊಟ್ಟಿಗೆ ಇಂಧನ ಇಳಿಸುವಷ್ಟು ಹೊತ್ತು ಮಾರಾಟ ನಿಲ್ಲಿಸುವುದು ಪದ್ಧತಿ. "ಮುಕ್ಕಾಲು ಗಂಟೆ ಆಗುತ್ತದೆ ಸ್ವಾಮಿ" ಎಂದನು ಹುಡುಗ. ನನ್ನ ಮಗ ಕಾರಿನ ಫಲಕವನ್ನು ತೋರಿಸಿ ಹೇಳಿದನು: "ಮಾವ, ಇನ್ನೂ ತೊಂಬತ್ತಾರು ಕಿಲೋಮೀಟರಿಗೆ ಸಾಕಾಗುವಷ್ಟು ಇದೆ. ಸಕಲೇಶಪುರಕ್ಕೆ ಎಪ್ಪತ್ತು ಚಿಲ್ಲರೆ. ಕಾಯುವುದು ಬೇಡ."

ಇಲ್ಲಿ ನನ್ನ ಭಾವನ ವಿಷಯವಾಗಿ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅವರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಫಿ ತೋಟವೊಂದರಲ್ಲಿ ರೈಟರಾಗಿದ್ದವರು. ಲೆಕ್ಕ ಬರೆಯುವುದರೊಂದಿಗೆ ತೋಟದ ಜೀಪನ್ನು ಓಡಿಸುವುದೂ ಅವರ ಪಾಲಿಗೆ ಬಂದಿತ್ತು. ಆ ಹಳೆಯ ಜೀಪಿನ ಪೆಟ್ರೋಲು ತೊಟ್ಟಿ ಚಾಲಕನ ಆಸನದ ಕೆಳಗೇ ಇತ್ತು. ಇಂಧನ ತೋರಿಸುವ ಮುಳ್ಳು ಯಾವ ಕಾಲದಲ್ಲಿಯೋ ಸತ್ತುಹೋಗಿ, ಸದಾ ಅರ್ಧಕ್ಕೆ ನಿಂತಿರುತ್ತಿತ್ತು. ಭಾವ ಒಂದು ಬಿದಿರು ಕಡ್ಡಿಗೆ ಚಾಕುವಿನಿಂದ ಗೀಟು ಹಾಕಿ ಇಟ್ಟುಕೊಂಡಿದ್ದರು. ಒಂದೊಂದು ಗೀಟಿಗೆ ಐದು ಲೀಟರು. ಮುಚ್ಚಳ ತೆಗೆದು ಕಡ್ಡಿ ಇಳಿಸಿ, ಒದ್ದೆಯಾದಷ್ಟು ಭಾಗವನ್ನು ನೋಡಿ, ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆಯೇ ಗಾಡಿ ಹತ್ತುವುದು. ಜೀಪು ಹೋಗಿ ಎಷ್ಟೋ ಕಾಲವಾದರೂ ಪುಸ್ತಕ ಹೋಗಲಿಲ್ಲ. ಯಾರ ವಾಹನದಲ್ಲಿ ಕುಳಿತರೂ ದಿನಾಂಕ, ದಾರಿ, ದೂರ, ಹಾಕಿಸಿದ ಇಂಧನ, ಇವನ್ನು ಗುರುತು ಹಾಕಿಕೊಳ್ಳುವುದು ಅವರ ಅಭ್ಯಾಸ. ತೊಟ್ಟಿ ತುಂಬಿಸದೆ ಘಾಟಿ ಹತ್ತಬಾರದು ಎಂಬುದು ಅವರ ಮನೆಯಲ್ಲಿ ಒಂದು ವ್ರತದಂತೆ ನಡೆದುಬಂದ ನಿಯಮ. ಇದಕ್ಕಾಗಿ ಅಕ್ಕ ಅವರನ್ನು ಗೇಲಿ ಮಾಡದ ದಿನವಿಲ್ಲ.

ಭಾವ ಆಗಲೂ ಪುಸ್ತಕ ತೆಗೆದರು. ಮೈಸೂರಿನಲ್ಲಿ ತೊಟ್ಟಿ ತುಂಬಿಸಿದ್ದು. ಅಲ್ಲಿಂದೀಚೆಗೆ ಓಡಿದ್ದು 462 ಕಿಲೋಮೀಟರು. ತೊಟ್ಟಿ ಹಿಡಿಯುವುದು 37 ಲೀಟರು. "ಲೀಟರಿಗೆ ಹದಿನೈದೇ ಬಂದಿದೆಯೆಂದು ಇಟ್ಟುಕೊ. ಮೂವತ್ತೊಂದು ಹೋಯಿತು, ಉಳಿದದ್ದು ಆರು. ಘಾಟಿಯ ಇಪ್ಪತ್ತಾರು ಕಿಲೋಮೀಟರಿಗೆ ಮೂರಕ್ಕೂ ಮಿಕ್ಕಿ ಬೇಕು. ಮೇಲಿನ ನಲವತ್ತೈದಕ್ಕೆ ಇನ್ನು ಮೂರು." ಪೆನ್ಸಿಲಿನ ತುದಿ ಕ್ಷಣಕಾಲ ಕಾಗದದ ಮೇಲೆ ನಿಂತಿತು. "ಸರಿಯಾಗಿ ಮುಗಿಯುತ್ತದೆ, ಉಳಿಯುವುದಿಲ್ಲ."

"ಹಾಗಾದರೆ ಕಾಯೋಣ ಭಾವ" ಎಂದೆನು.

ಅವರು ಟ್ಯಾಂಕರನ್ನು ನೋಡಿದರು; ಘಾಟಿಯ ಕಡೆಗೆ ನೋಡಿದರು; ಪುಸ್ತಕವನ್ನು ಮಡಿಸಿದರು. "ಬೇಡ. ನಡಿ" ಎಂದರು.

★

ಕುಲ್ಕುಂದವನ್ನು ದಾಟಿದೊಡನೆ ದಾರಿ ಕಾಡಿನ ಬಾಯಿಗೆ ಬೀಳುತ್ತದೆ. ಎರಡು ಕಾರುಗಳು ಎದುರಾದರೆ ಒಂದು ಅಂಚಿಗೆ ಸರಿದು ನಿಲ್ಲಬೇಕಾದಷ್ಟು ಇಕ್ಕಟ್ಟು. ತಲೆಯ ಮೇಲೆ ಮರಗಳು ಕೈ ಕೈ ಹಿಡಿದು ಚಪ್ಪರ ಹಾಕಿವೆ. ಏಪ್ರಿಲಿನ ಬಿಸಿಲೂ ಅಲ್ಲಿ ಹಸಿರಾಗಿ ಸೋಸಿ ಇಳಿಯುತ್ತದೆ. ಜೀರುಂಡೆಗಳ ಕೂಗು ಒಂದೆಡೆ ನಿಂತು ಇನ್ನೊಂದೆಡೆ ಮೊದಲಾಗುತ್ತದೆ. ತಿರುವು ತಿರುವಿಗೆ ಒಂದೊಂದು ಝರಿಯ ಒಣಗಿದ ಪಾತ್ರ, ಪಾಚಿ ಕಟ್ಟಿದ ಮೋರಿ, ದಾರಿಯ ಮೇಲೆ ಉದುರಿದ ಕೆಂಪು ಚಿಗುರು. ಬೇರೊಂದು ದಿನವಾಗಿದ್ದರೆ ಹತ್ತು ಕಡೆ ಇಳಿದು ನಿಂತು ನೋಡುತ್ತಿದ್ದೆವು. ಅಂದು ನಮ್ಮ ಮೂವರ ಕಣ್ಣೂ ಒಂದು ಅಂಕೆಯಲ್ಲಿ ನೆಟ್ಟಿತ್ತು.

ಮೊದಲಿನ ಐದು ಕಿಲೋಮೀಟರಿಗೆ 96 ಎಂಬುದು 88 ಆಯಿತು. ಮಗ ಏನೂ ಹೇಳಲಿಲ್ಲ. ಎರಡನೆಯ ಗೇರಿನಲ್ಲಿ ಕಾರು ಏದುಸಿರು ಬಿಡುತ್ತ ಒಂದೇ ಸಮನೆ ಏರತೊಡಗಿದ ಮೇಲೆ ಅಂಕೆ ಮೆಟ್ಟಿಲು ಇಳಿಯುವ ಮುದುಕನಂತೆ ಇಳಿಯಲಿಲ್ಲ. ಮರದಿಂದ ಜಾರಿದ ಹಲಸಿನ ಹಣ್ಣಿನಂತೆ ಇಳಿಯಿತು. 74, 61, 52. ಒಂದು ಕಿಲೋಮೀಟರು ಹೋದರೆ ಮೂರು ಕಿಲೋಮೀಟರು ಕಳೆಯುತ್ತಿತ್ತು. "ಸೋರುತ್ತಿದೆಯೋ ಏನೋ" ಎಂದು ಮಗ ಒಮ್ಮೆ ನಿಲ್ಲಿಸಿ ಬಗ್ಗಿ ನೋಡಿದನು. ಕೆಳಗೆ ಒಂದು ಹನಿಯೂ ಇಲ್ಲ. ದೂರವಾಣಿಯನ್ನು ನೋಡಿದೆನು, ಅದಕ್ಕೂ ಸಂಪರ್ಕವಿಲ್ಲ. ಆ ಕಾಡಿನಲ್ಲಿ ಕಾರು ನಿಂತರೆ ಸಕಲೇಶಪುರದಲ್ಲಿ ಹಟ ಹಿಡಿದು ಮಲಗಿರುವ ಅಕ್ಕನಿಗೆ, ನೀನು ಹೊರಡು ಎಂದು ಹೇಳುವ ಉಪಾಯವೂ ನಮ್ಮ ಬಳಿ ಉಳಿಯದು.

ಆ ಅಂಕೆ ಹೀಗೆ ಕುಸಿಯುವುದೇಕೆ? ಅಂದು ತಿಳಿಯದಿದ್ದುದನ್ನು ಆಮೇಲೆ ವಿಚಾರಿಸಿ ತಿಳಿದುಕೊಂಡೆನು. ಓದುಗರಿಗೂ ಅದು ಉಪಯೋಗಕ್ಕೆ ಬಂದೀತು.

ಪೆಟ್ರೋಲು ತೊಟ್ಟಿಯೊಳಗೆ ಒಂದು ಕೀಲುಗಂಬಿಯ ತುದಿಯಲ್ಲಿ ತೇಲುವ ಬೆಂಡು ಇರುತ್ತದೆ. ಮಟ್ಟ ಏರಿದರೆ ಬೆಂಡು ಏರುತ್ತದೆ, ಇಳಿದರೆ ಇಳಿಯುತ್ತದೆ. ಗಂಬಿಯ ಇನ್ನೊಂದು ತುದಿ ವಿದ್ಯುತ್ತಿಗೆ ತಡೆಯೊಡ್ಡುವ ಒಂದು ಪಟ್ಟಿಯ ಮೇಲೆ ಸವರುತ್ತ ಹೋಗುತ್ತದೆ. ತಡೆ ಹೆಚ್ಚುಕಡಿಮೆಯಾದಂತೆ ಮುಂದಿನ ಮುಳ್ಳು ಅತ್ತಿತ್ತ ಆಗುತ್ತದೆ. ಎಲ್ಲ ಸಂಭ್ರಮವೂ ಇಷ್ಟೆ. ತೊಟ್ಟಿಯೋ, ನೇರವಾದ ಕೊಡವಲ್ಲ. ಆಸನದ ಕೆಳಗೆ, ಹಿಂದಿನ ಅಚ್ಚಿನ ಸುತ್ತ, ಸಿಕ್ಕ ಜಾಗಕ್ಕೆ ತಕ್ಕಂತೆ ಸೊಟ್ಟಸೊಟ್ಟಗೆ ಮಾಡಿದ್ದು. ಬೆಂಡಿನ ಒಂದು ಅಂಗುಲ ಮೇಲ್ಗಡೆ ಆರು ಲೀಟರಾದರೆ ಕೆಳಗಡೆ ಮೂರೇ ಆಗಬಹುದು. ತೊಟ್ಟಿ ತುಂಬಿ ಕುತ್ತಿಗೆಯವರೆಗೆ ಬಂದಾಗ ಬೆಂಡು ಚಾವಣಿಗೆ ತಗುಲಿ ಇನ್ನು ಮೇಲೇರಲಾರದು. ಅದರಿಂದಲೇ ಮುಳ್ಳು ಬಹಳ ಹೊತ್ತು ತುಂಬಿದ ಕಡೆಗೇ ನಿಂತು ನಮಗೆ ಸಂತೋಷವನ್ನು ಕೊಡುತ್ತದೆ. ಆಮೇಲೆ ಸರಸರನೆ ಇಳಿಯುತ್ತದೆ. ಏರಿನಲ್ಲಿ ಮೂತಿ ಮೇಲಾದಾಗ ಪೆಟ್ರೋಲು ಹಿಂದಕ್ಕೆ ಹರಿಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ. ಅಷ್ಟರ ಮಟ್ಟಿಗೆ ಬೆಂಡು ಹೇಳುವುದು ಸುಳ್ಳಾಗುತ್ತದೆ. ತುಳುಕಾಟಕ್ಕೆಲ್ಲ ಮುಳ್ಳು ಕುಣಿಯಬಾರದೆಂದು ತಯಾರಕರು ಅದನ್ನು ಬೇಕೆಂದೇ ಮಂದಗತಿಯದಾಗಿ ಮಾಡಿರುತ್ತಾರೆ.

ಮುಳ್ಳಿನ ಸಮಾಚಾರ ಇದು. "ಇನ್ನಿಷ್ಟು ಕಿಲೋಮೀಟರು" ಎಂದು ಹೇಳುವ ಅಂಕೆಯಾದರೋ ಮುಳ್ಳಿಗಿಂತ ಒಂದು ಹೆಜ್ಜೆ ಮುಂದಿನ ಜ್ಯೋತಿಷ್ಯ. ತೊಟ್ಟಿಯಲ್ಲಿ ಉಳಿದಿರುವುದೆಂದು ತೋರುವ ಇಂಧನವನ್ನು, ಕಾರು ಇತ್ತೀಚೆಗೆ ಓಡಿದ ದೂರದಲ್ಲಿ ಲೀಟರಿಗೆ ಎಷ್ಟು ಕೊಟ್ಟಿತೋ ಅದರಿಂದ ಗುಣಿಸಿ ಫಲಕದ ಮೇಲೆ ಹಾಕುತ್ತದೆ. ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ನಾವು ಸಮಾಧಾನದ ದಾರಿಯಲ್ಲಿ ಬಂದಿದ್ದೆವು. ಲೀಟರಿಗೆ ಹದಿನಾರು ಹದಿನೇಳು ಸಿಕ್ಕಿತ್ತು. ಮುಂದೆಯೂ ಹಾಗೆಯೇ ಇರುವುದೆಂದು ಅದು ಭಾವಿಸಿತು. ಮುಂದೆ ಬೆಟ್ಟವಿದೆಯೆಂಬುದು ಅದಕ್ಕೆ ಗೊತ್ತಿಲ್ಲ. ಅದು ನೋಡುವುದು ಹಿಂದಕ್ಕೆ, ಹೇಳುವುದು ಮುಂದಿನದನ್ನು.

ಬೆಟ್ಟದ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸುಬ್ರಹ್ಮಣ್ಯದ ತಗ್ಗಿನಿಂದ ಬಿಸಿಲೆಯ ನೆತ್ತಿಗೆ ಏಳೆಂಟುನೂರು ಮೀಟರುಗಳ ಏರು. ಮೂವರನ್ನೂ ಸಾಮಾನನ್ನೂ ಹೊತ್ತ ಕಾರು ಸುಮಾರು 1,250 ಕಿಲೋಗ್ರಾಂ. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತುವ ಕೆಲಸವೊಂದೇ ತೊಂಬತ್ತು ಲಕ್ಷ ಜೌಲುಗಳಷ್ಟಾಗುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿ ಮೂರು ಕೋಟಿ ಜೌಲುಗಳಿಗೂ ಹೆಚ್ಚು ಶಕ್ತಿಯಿದ್ದರೂ ಎಂಜಿನು ಅದರಲ್ಲಿ ಕಾಲು ಭಾಗವನ್ನು ಮಾತ್ರ ಚಕ್ರಕ್ಕೆ ಮುಟ್ಟಿಸಿ ಮಿಕ್ಕುದನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. ಆದುದರಿಂದ ಬರಿಯ ಎತ್ತರಕ್ಕಾಗಿಯೇ ಒಂದು ಲೀಟರಿಗಿಂತ ತುಸು ಹೆಚ್ಚು ಬೇಕು. ತಿರುವುಗಳಲ್ಲಿ ತಡೆದು ಎಳೆದು ನಡೆಯುವ ಖರ್ಚು ಬೇರೆ ಎರಡು ಲೀಟರು. ಇಪ್ಪತ್ತಾರು ಕಿಲೋಮೀಟರಿಗೆ ಮೂರಕ್ಕೂ ಮಿಕ್ಕಿ ಎಂದು ಭಾವ ಹೇಳಿದ್ದು ಇದನ್ನೇ. ಅವರು ಜೌಲುಗಳನ್ನು ಕಂಡವರಲ್ಲ. ಬಿದಿರು ಕಡ್ಡಿಯ ಮೇಲೆ ಒದ್ದೆ ಎಷ್ಟು ಇಳಿಯಿತೆಂದು ಮೂವತ್ತು ವರ್ಷ ನೋಡಿದವರು.

★

ಕೊನೆಗೆ ಬಿಸಿಲೆಯ ನೋಟದ ತಾಣ ಬಂದಿತು. ಎದುರಿಗೆ ಕುಮಾರಪರ್ವತ, ಅದರ ಬಗಲಿಗೆ ಬೆಟ್ಟಗಳ ಸಾಲು. ನಡುವಿನ ಕಣಿವೆಯಲ್ಲಿ ನೀಲಿ ಮಬ್ಬು. 1,712 ಮೀಟರಿನ ಆ ಶಿಖರ ಸಂಜೆಯ ಬೆಳಕಿನಲ್ಲಿ ಕೈಗೆಟುಕುವಂತೆ ಕಾಣುತ್ತಿತ್ತು. ಕಾರು ನಿಲ್ಲಿಸಲಿಲ್ಲ. ಫಲಕದಲ್ಲಿ 31 ಇತ್ತು. ಸಕಲೇಶಪುರ ಇನ್ನೂ 45 ಕಿಲೋಮೀಟರು.

ಮಂಕನಹಳ್ಳಿಯ ಬಳಿ ದಾರಿಯ ಬದಿಯಲ್ಲಿ ಒಂದು ಕಲ್ಲಿದೆ. ಘಟ್ಟದ ನೆತ್ತಿಯ ಏಣನ್ನು ಗುರುತಿಸುವ ಕಲ್ಲು ಅದು. ಅಲ್ಲಿ ಬಿದ್ದ ಮಳೆ ಇಬ್ಭಾಗವಾಗುತ್ತದೆಂದು ಅದರ ಮೇಲೆ ತೋರಿಸಿದೆ. ಒಂದು ಕಡೆಗೆ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಕಡೆಗೆ ಬಿದ್ದದ್ದು ಹೇಮಾವತಿಯ ಮೂಲಕ ಕಾವೇರಿಗೆ ಸೇರಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಅಲ್ಲಿ ಭಾವ "ಒಂದು ನಿಮಿಷ ನಿಲ್ಲಿಸಪ್ಪ" ಎಂದರು. ದೂರವಾಣಿಗೆ ಸಂಪರ್ಕ ಸಿಕ್ಕೀತೆಂಬ ಆಸೆ. ಸಿಗಲಿಲ್ಲ.

ಮಗನ ಮುಖ ಬಾಡಿತ್ತು. "ಮಾವ, ನನ್ನದು ತಪ್ಪಾಯಿತು. ತೊಂಬತ್ತಾರು ಅಂತ ಇತ್ತು, ನಂಬಿಬಿಟ್ಟೆ" ಎಂದನು. ಭಾವ ಅವನ ಹೆಗಲ ಮೇಲೆ ಕೈಯಿಟ್ಟರು. "ತೊಂಬತ್ತಾರನ್ನು ನಂಬಿದ್ದು ತಪ್ಪು, ಈಗ ಮೂವತ್ತೊಂದನ್ನು ನಂಬಿದರೆ ಅದೂ ತಪ್ಪು. ಅದು ಕೆಳಗೆ ಬಯಲಿನ ನೆನಪಿನಲ್ಲಿ ಮಾತಾಡಿತು. ಈಗ ಬೆಟ್ಟದ ನೆನಪಿನಲ್ಲಿ ಮಾತಾಡುತ್ತಿದೆ. ಈ ಕಲ್ಲಿನಿಂದ ಮುಂದೆ ದಾರಿ ಬೇರೆ" ಎಂದರು.

ಅಳತೆಯ ಮೋಸವೆಂಬುದು ನಮ್ಮ ಪಾಲಿಗೆ ಮಾತ್ರ ಬಂದುದಲ್ಲ. ಮೊದಮೊದಲ ಮೋಟಾರುಗಳಿಗೆ ಮುಳ್ಳೇ ಇರಲಿಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನ ತೊಟ್ಟಿಯೂ ಮುಂದಿನ ಆಸನದಡಿಯಲ್ಲಿಯೇ. ಕಡ್ಡಿ ಇಳಿಸಿ ನೋಡಬೇಕು. ಪಂಪಿಲ್ಲದೆ ಪೆಟ್ರೋಲು ತನ್ನ ಭಾರದಿಂದಲೇ ಎಂಜಿನಿಗೆ ಇಳಿಯಬೇಕಾಗಿದ್ದುದರಿಂದ, ತೊಟ್ಟಿ ಬರಿದಾಗುತ್ತ ಬಂದಾಗ ಕಡಿದಾದ ಏರಿನಲ್ಲಿ ಎಂಜಿನು ನಿಂತುಹೋಗುತ್ತಿತ್ತು. ಆಗ ಜನರು ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಬೆಟ್ಟ ಹತ್ತಿಸುತ್ತಿದ್ದರು! 1950ರ ದಶಕದ ಫೋಕ್ಸ್‌ವ್ಯಾಗನ್ ಬೀಟಲಿಗೂ ಮುಳ್ಳಿರಲಿಲ್ಲ. ಎಂಜಿನು ತಡವರಿಸಿದಾಗ ಕಾಲಿನಿಂದ ಒಂದು ತಿರುಗಣೆಯನ್ನು ಹೊರಳಿಸಿದರೆ ಐದು ಲೀಟರಿನ ಮೀಸಲು ಹರಿಯುತ್ತಿತ್ತು. ನಮ್ಮ ಸ್ಕೂಟರುಗಳ ರಿಸರ್ವ್ ತಿರುಗಣೆಯನ್ನು ಮರೆತವರಾರು? ಅದೂ ಮುಗಿದ ಮೇಲೆ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ತೊಟ್ಟಿಯ ಮೂಲೆಯ ಕಡೆಯ ಹನಿಯನ್ನು ಎಬ್ಬಿಸಿ, ಬಂಕನ್ನು ಮುಟ್ಟಿದ ವೀರರು ನಮ್ಮ ನಡುವೆ ಎಷ್ಟೋ ಮಂದಿಯಿದ್ದಾರೆ.

ನೆಲದ ಮಾತು ಹಾಗಿರಲಿ, ಆಕಾಶದಲ್ಲಿಯೂ ಹೀಗಾಗಿದೆ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನವೊಂದು, 41,000 ಅಡಿಗಳ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿದು, ಎರಡೂ ಎಂಜಿನುಗಳು ನಿಂತುಹೋದವು. ಅದರ ಇಂಧನಸೂಚಿಗಳು ಕೆಟ್ಟಿದ್ದವು. ನೆಲದ ಮೇಲೆ ಕಡ್ಡಿಯಿಂದಲೇ ಅಳೆದಿದ್ದರು. ಆ ಅಳತೆ ಸರಿಯಾಗಿಯೇ ಇತ್ತು. ಲೀಟರನ್ನು ತೂಕಕ್ಕೆ ಪರಿವರ್ತಿಸುವಾಗ ಕಿಲೋಗ್ರಾಮಿನ ಬದಲು ಪೌಂಡಿನ ಗುಣಕವನ್ನು ಬಳಸಿದ್ದರು. 22,300 ಕಿಲೋಗ್ರಾಂ ಬೇಕಾಗಿದ್ದ ವಿಮಾನ 22,300 ಪೌಂಡು, ಅಂದರೆ ಅರ್ಧಕ್ಕಿಂತಲೂ ಕಡಿಮೆ, ಹೊತ್ತು ಹಾರಿತ್ತು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಎಂಬುವರು ಆ ಭಾರಿ ವಿಮಾನವನ್ನು ಗಾಳಿಯಲ್ಲಿ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕಿದರು. ಕಡ್ಡಿಯಾದರೂ ಸರಿ, ಮುಳ್ಳಾದರೂ ಸರಿ, ಯಂತ್ರವಾದರೂ ಸರಿ, ಅಳೆದ ಮೇಲೆ ಅದರ ಅರ್ಥ ಮಾಡುವುದು ಮನುಷ್ಯನ ಪಾಲಿಗೇ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

★

ಕಲ್ಲಿನ ಬಳಿಯಿಂದ ಹೊರಟ ಮೇಲೆ ಭಾವ ಮುಂದಿನ ಆಸನಕ್ಕೆ ಬಂದು ಕುಳಿತರು. ತಂಪು ಮಾಡುವ ಯಂತ್ರವನ್ನು ನಿಲ್ಲಿಸಿಸಿದರು. "ಓಡಿಸಬೇಡ, ತೆವಳಲೂ ಬೇಡ. ಎಂಜಿನಿಗೆ ಕಷ್ಟವಾಗದಂತೆ ಮೇಲಿನ ಗೇರಿನಲ್ಲಿ ಸಮನಾಗಿ ಬಿಡು. ಮುಂದೆ ತಿರುವು ಕಂಡರೆ ಈಗಲೇ ಕಾಲು ತೆಗೆ, ಹತ್ತಿರ ಹೋಗಿ ಬ್ರೇಕು ಒತ್ತಿದರೆ ಒತ್ತಿದ್ದೆಲ್ಲ ಪೆಟ್ರೋಲೇ" ಎಂದರು. ಇಳಿತ ಬಂದಾಗ ನ್ಯೂಟ್ರಲಿಗೆ ಹಾಕಲು ಮಗ ಕೈ ನೀಡಿದನು, ಭಾವ ತಡೆದರು. ಇಳಿತದಲ್ಲಿ ಗೇರು ಬಿಟ್ಟರೆ ಬ್ರೇಕಿನ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಅದಲ್ಲದೆ ಈಗಿನ ಎಂಜಿನುಗಳು ಗೇರಿನಲ್ಲಿ ಇಳಿಯುವಾಗ ಪೆಟ್ರೋಲನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲಿನಲ್ಲಿ ಸುಮ್ಮನೆ ಉರಿಯಲೂ ಸ್ವಲ್ಪ ಬೇಕಾಗುತ್ತದೆ.

ಕಾಫಿ ತೋಟಗಳು ಮೊದಲಾದವು. ಏಪ್ರಿಲಿನ ಹೂಮಳೆ ಆಗಿದ್ದ ತೋಟಗಳಲ್ಲಿ ಕಡೆಯ ಹೂಗಳ ಮಲ್ಲಿಗೆಯಂಥ ಪರಿಮಳ ತೆರೆದ ಕಿಟಕಿಯಿಂದ ಒಳಗೆ ಬರುತ್ತಿತ್ತು. ಮಗ ಇದ್ದಕ್ಕಿದ್ದಂತೆ "ಅಪ್ಪ, ನೋಡಿ!" ಎಂದನು. ಹನ್ನೆರಡು ಕಿಲೋಮೀಟರು ಬಂದಿದ್ದೆವು. ಅಂಕೆ 31ರಿಂದ ಇಳಿಯುವ ಬದಲು 33 ಆಗಿತ್ತು. ಪೆಟ್ರೋಲು ಹೆಚ್ಚಾಗಲಿಲ್ಲ, ಯಂತ್ರದ ನೆನಪು ಬದಲಾಯಿತು. ಬೆಟ್ಟವನ್ನು ಮರೆತು ಅದು ಮತ್ತೆ ಬಯಲನ್ನು ನಂಬತೊಡಗಿತ್ತು. ನಾವು ನಕ್ಕೆವು. ಭಾವ ನಗಲಿಲ್ಲ, ದಾರಿಯನ್ನೇ ನೋಡುತ್ತಿದ್ದರು.

ವಣಗೂರು ಕಳೆಯಿತು, ಹೆತ್ತೂರು ಕಳೆಯಿತು. ಅಲ್ಲಿ ಸಂಪರ್ಕ ಸಿಕ್ಕಿ, "ಇನ್ನು ಮುಕ್ಕಾಲು ಗಂಟೆ, ಬರುತ್ತಿದ್ದೇವೆ" ಎಂದು ಆಸ್ಪತ್ರೆಗೆ ತಿಳಿಸಿದೆವು. ಅಂಕೆ ಈಗ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತ 20, 14, 9 ಎಂದಿತು. ಕಿತ್ತಳೆ ಬಣ್ಣದ ದೀಪ ಯಾವಾಗಲೋ ಹತ್ತಿತ್ತು. ಊರು ಇನ್ನೂ ಆರು ಕಿಲೋಮೀಟರಿರುವಾಗ ಅಂಕೆ ಅಳಿದು ಬರಿಯ ಗೆರೆಗಳು ಮೂಡಿದವು. ತಾನು ಹೇಳುವುದು ಇನ್ನೇನೂ ಇಲ್ಲವೆಂದು ಯಂತ್ರ ಕೈತೊಳೆದುಕೊಂಡಿತು. ಆ ಆರು ಕಿಲೋಮೀಟರು ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಎಂಜಿನಿನ ಒಂದೊಂದು ಸದ್ದನ್ನೂ ನಾಡಿ ಹಿಡಿದ ವೈದ್ಯನಂತೆ ಆಲಿಸುತ್ತಿದ್ದೆವು. ಹೇಮಾವತಿಯ ಸೇತುವೆಯ ದೀಪಗಳು ಕಂಡಾಗ ಮಗ ಗಟ್ಟಿಯಾಗಿ ಉಸಿರು ಬಿಟ್ಟನು.

ಆಸ್ಪತ್ರೆಯ ಅಂಗಳದಲ್ಲಿ ಆಂಬುಲೆನ್ಸು ಸಿದ್ಧವಾಗಿ ನಿಂತಿತ್ತು. ಅಕ್ಕನ ಮುಖ ನೋವಿನಿಂದ ಬಿಳಿಚಿಕೊಂಡಿದ್ದರೂ ನಮ್ಮನ್ನು ಕಂಡು ಕಣ್ಣು ಅರಳಿತು. ಭಾವ ಮಂಚದ ಬಳಿ ನಿಂತರು. ಇಷ್ಟು ಹೊತ್ತು ಹಟ ಮಾಡಿದ್ದಕ್ಕೆ ಗದರುವರೇನೋ ಎಂದುಕೊಂಡೆನು. ಮೊದಲು ಮಾತಾಡಿದವಳು ಅಕ್ಕನೇ.

"ಎಷ್ಟು ಬೇಗ ಬಂದಿರಿ! ಪೆಟ್ರೋಲು ಹಾಕಿಸಿಕೊಂಡು ಹೊರಟಿರಿ ತಾನೆ?"

"ಇಲ್ಲ" ಎಂದರು ಭಾವ.

ಅಕ್ಕ ಅವರನ್ನು ಬಹಳ ಹೊತ್ತು ನೋಡಿದಳು. ನಲವತ್ತೈದು ವರ್ಷಗಳ ಸಂಸಾರದಲ್ಲಿ ಆ ಪ್ರಶ್ನೆಗೆ ಆ ಉತ್ತರವನ್ನು ಆಕೆ ಕೇಳಿದ್ದು ಅದೇ ಮೊದಲು. ಆಮೇಲೆ ಏನೂ ಹೇಳದೆ ಅವರ ಕೈಯನ್ನು ಹಿಡಿದುಕೊಂಡಳು. ಐದು ನಿಮಿಷದಲ್ಲಿ ಆಂಬುಲೆನ್ಸು ಹಾಸನದ ಕಡೆಗೆ ಹೊರಟಿತು. ಭಾವ ಅದರಲ್ಲಿಯೇ ಹತ್ತಿದರು. ಶಸ್ತ್ರಚಿಕಿತ್ಸೆ ಮರುದಿನ ನಡೆಯಿತು. ದೀಪಾವಳಿಯ ಹೊತ್ತಿಗೆ ಅಕ್ಕ ಕೋಲು ಹಿಡಿದು ಅಂಗಳದಲ್ಲಿ ಓಡಾಡುವಂತಾದಳು.

★

ಅಂದು ರಾತ್ರಿ ನಾನೂ ಮಗನೂ ಸಕಲೇಶಪುರದ ಬಂಕಿನಲ್ಲಿ ತೊಟ್ಟಿ ತುಂಬಿಸಿದೆವು. 33.4 ಲೀಟರು ಹಿಡಿಯಿತು. ಎಂದರೆ ಗೆರೆಗಳು ಮೂಡಿ ಆರು ಕಿಲೋಮೀಟರು ಓಡಿದ ಮೇಲೂ ತೊಟ್ಟಿಯಲ್ಲಿ ಮೂರೂವರೆ ಲೀಟರಿಗೂ ಹೆಚ್ಚು ಉಳಿದಿತ್ತು. ಬಯಲಿನಲ್ಲಿ ಅದು ಐವತ್ತು ಕಿಲೋಮೀಟರಿನ ದಾರಿ. ಯಂತ್ರ ಶೂನ್ಯವೆಂದಲ್ಲಿ ಶೂನ್ಯವಿರುವುದಿಲ್ಲ. ಆತುರಗಾರರಿಗೂ ಮರೆಗುಳಿಗಳಿಗೂ ಇರಲೆಂದು ತಯಾರಕರು ಸ್ವಲ್ಪವನ್ನು ಬಚ್ಚಿಟ್ಟಿರುತ್ತಾರೆ. ಆ ಗುಟ್ಟು ಒಂದೊಂದು ಕಾರಿನಲ್ಲಿ ಒಂದೊಂದು ಪ್ರಮಾಣದ್ದು. ಅದನ್ನು ನಂಬಿ ಹೊರಡುವುದು ವಿವೇಕವಲ್ಲ. ಪೆಟ್ರೋಲಿನೊಳಗೆ ಮುಳುಗಿ ಅದರಿಂದಲೇ ತಂಪಾಗಿರುವ ಪಂಪು, ತೊಟ್ಟಿ ಒಣಗಿದರೆ ತಾನೂ ಸುಟ್ಟುಹೋದೀತು.

ಭಾವನ ಲೆಕ್ಕ ಕೂಡ ಕೂದಲೆಳೆಯಷ್ಟು ನಿಜವಾಗಲಿಲ್ಲ. ಲೀಟರಿಗೆ ಹದಿನೈದೆಂದು ಅವರು ಹಿಡಿದದ್ದು, ಬಂದದ್ದು ಹದಿನೇಳು. ಆದರೆ ಎರಡು ತಪ್ಪುಗಳಲ್ಲಿ ಭೇದವಿದೆ. ಅವರು ಕೆಟ್ಟದ್ದನ್ನು ಎಣಿಸಿ ಒಳ್ಳೆಯದಕ್ಕೆ ಬಾಗಿಲು ತೆರೆದಿಟ್ಟರು. ಯಂತ್ರ ಕೆಳಗೆ ಒಳ್ಳೆಯದನ್ನೇ ಎಣಿಸಿ ಮೇಲೆ ಹೆದರಿಸಿತು. ನಮಗೆ ಧೈರ್ಯ ಬೇಡವಾಗಿದ್ದಲ್ಲಿ ಧೈರ್ಯವನ್ನೂ, ಭಯ ಬೇಡವಾಗಿದ್ದಲ್ಲಿ ಭಯವನ್ನೂ ಕೊಟ್ಟಿತು. ಅದು ಸುಳ್ಳು ಹೇಳಲಿಲ್ಲ, ನಿಜ. ನಿನ್ನೆಯ ಸತ್ಯವನ್ನು ನಾಳೆಗೆ ಹೇಳಿತು.

ಕಾಲ ಮುಂದೆ ಸಾಗಿದೆ. 2025ರಿಂದ ದೇಶದ ಬಹುತೇಕ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲು ಬೆರೆತಿದೆ. ಲೀಟರಿಗೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಆದುದರಿಂದ ಹಳೆಯ ಲೆಕ್ಕಗಳನ್ನು ಕೊಂಚ ತಿದ್ದಿಕೊಳ್ಳಬೇಕು. ನನ್ನ ಮಗ ಈಗ ವಿದ್ಯುತ್ ಕಾರನ್ನು ಕೊಂಡಿದ್ದಾನೆ. ಅದಕ್ಕೆ ಬೆಂಡೂ ಇಲ್ಲ, ತೊಟ್ಟಿಯೂ ಇಲ್ಲ. ಬ್ಯಾಟರಿಯೊಳಕ್ಕೆ ಹೋದ ವಿದ್ಯುತ್ತನ್ನೂ ಹೊರಬಂದುದನ್ನೂ ಎಣಿಸಿ ಉಳಿದುದನ್ನು ಊಹಿಸುತ್ತದೆ. ಬ್ಯಾಟರಿಯೊಳಗೆ ಕಡ್ಡಿ ಇಳಿಸಿ ನೋಡಲಾಗದು. ಹೋದ ವರ್ಷ ಅದರಲ್ಲಿ ಭಾವನನ್ನೂ ಅಕ್ಕನನ್ನೂ ಕುಕ್ಕೆಗೆ ಕರೆದೊಯ್ದೆವು. ಬಿಸಿಲೆಯನ್ನು ಇಳಿಯುವಾಗ ಚಕ್ರಗಳೇ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸಿ, ಘಾಟಿಯ ಬುಡಕ್ಕೆ ಬಂದಾಗ ಅಂಕೆ ನೆತ್ತಿಯಲ್ಲಿದ್ದುದಕ್ಕಿಂತ ಹೆಚ್ಚಾಗಿತ್ತು. "ಇಳಿಯುತ್ತ ಸಂಪಾದಿಸುವ ಗಾಡಿ!" ಎಂದು ಅಕ್ಕ ಬೆರಗಾದಳು. ಭಾವ ಜೇಬಿನಿಂದ ಪುಸ್ತಕ ತೆಗೆದು ಎರಡೂ ಅಂಕೆಗಳನ್ನು ಬರೆದುಕೊಂಡರು. "ಹತ್ತುವಾಗ ನೋಡೋಣ" ಎಂದರು.

ಅವರು ಸ್ನಾನಕ್ಕೆ ಹೋದಾಗ ಆ ಪುಸ್ತಕವನ್ನು ತಿರುವಿದೆನು. 2018ರ ಏಪ್ರಿಲಿನ ಪುಟ ಸಿಕ್ಕಿತು. ದಿನಾಂಕ, 462, ತೊಟ್ಟಿಯ ಲೆಕ್ಕ, ಆರು ಎಂಬ ಶೇಷ, ಎಲ್ಲವೂ ಆ ಮಧ್ಯಾಹ್ನದ ಪೆನ್ಸಿಲಿನಲ್ಲಿ ಇದ್ದವು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬಹುಶಃ ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬರೆದದ್ದು, ಒಂದೇ ಸಾಲು:

"ಬಿಸಿಲೆ ಮಾರ್ಗ. ಲೆಕ್ಕ ನೋಡಿದೆ, ನಿಲ್ಲಲಿಲ್ಲ."